ಸುಣ್ಣಗಾರ ಕೇಳಿ ತಂದ ಬಟ್ಟೆ

"ಗುರುಗಳೇ, ಮನೆಗೆ ಮಗು ಬರುವುದಿದೆ. ಏನು ಕೊಳ್ಳಬೇಕು?" ಎಂದು ದುಂಡಪ್ಪ ಕೇಳಿದ.

ಗುರುಗಳು ಬಾವಿಕಟ್ಟೆಯ ಮೇಲೆ ಕುಳಿತು ಬೂದಿಯಿಂದ ತಂಬಿಗೆ ಬೆಳಗುತ್ತಿದ್ದರು. ಮಠಕ್ಕೆ ಬರುವವರು ಮುಕ್ತಿಯ ವಿಷಯ ಕೇಳುತ್ತಿದ್ದರು, ಮಳೆಯ ವಿಷಯ ಕೇಳುತ್ತಿದ್ದರು. ಇದನ್ನು ಯಾರೂ ಕೇಳಿದ್ದಿಲ್ಲ. ಮನೆಯಲ್ಲಿ ಹೆಂಡತಿ ಏನೆನ್ನುತ್ತಾಳೆ ಎಂದು ಗುರುಗಳು ವಿಚಾರಿಸಿದರು.

ದುಂಡಪ್ಪ ಹೇಳಿದ. ಹೋದ ವರ್ಷ ಒಂದು ಮಗು ನಿಲ್ಲದೆ ಹೋಗಿತ್ತು. ಈಗ ಮತ್ತೆ ಐದು ತಿಂಗಳು. ಹೆಂಡತಿ ಏನೂ ತರಬೇಡಿ ಎನ್ನುತ್ತಾಳೆ. ತಂದರೆ ಅವಳ ಮಾತು ಮೀರಿದಂತೆ, ತಾರದಿದ್ದರೆ ಮಗು ಬರುತ್ತದೆಂದು ತಾನೇ ನಂಬದಂತೆ. ಮೂರು ಸಲ ಪೇಟೆಗೆ ಹೋಗಿ, ಅಂಗಡಿಯ ಮುಂದೆ ನಿಂತು, ಬರಿಗೈಯಲ್ಲಿ ತಿರುಗಿ ಬಂದಿದ್ದ.

ಗುರುಗಳು ತಂಬಿಗೆಯನ್ನು ಬೋರಲು ಹಾಕಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಹೊರಗೆ ಒಬ್ಬ ಸುಣ್ಣಗಾರನಿದ್ದ. ಕಲ್ಲು ತಂದು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡಿ ಮಾರುವುದು ಅವನ ಕಸುಬು. ಭಟ್ಟಿಯ ಹೊಗೆ, ಸುಣ್ಣದ ಧೂಳು ಊರವರಿಗೆ ಬೇಡವೆಂದು ಅವನ ಅಜ್ಜನ ಕಾಲದಲ್ಲೇ ಮನೆಯನ್ನು ಎರಡು ಹೊಲ ಆಚೆಗೆ ಕಟ್ಟಿದ್ದರು. ಮನೆಯಲ್ಲಿ ಅವನು, ಅವನ ಹೆಂಡತಿ. ಹೊರಗೆ ಒಂದು ಕತ್ತೆ.

ಮದುವೆಯಾದ ಮರುವರ್ಷ ಅವಳು ಬಸುರಾದಳು. ಸುಣ್ಣಗಾರ ಹಿಗ್ಗಿಹೋದ. ಸುಣ್ಣ ಕೊಳ್ಳಲು ಬಂದವರಿಗೆಲ್ಲ ಒಂದು ಹಿಡಿ ಹೆಚ್ಚು ಹಾಕಿ ಸುದ್ದಿ ಹೇಳಿದ. ಮಗುವಿಗೆ ಏನೇನು ಬೇಕಾಗುತ್ತದೆ ಎಂದು ಎದುರು ಸಿಕ್ಕವರನ್ನೆಲ್ಲ ಕೇಳಿದ. ಒಬ್ಬರು ತೊಟ್ಟಿಲು ಎಂದರು; ತೊಟ್ಟಿಲು ತಂದ. ಒಬ್ಬರು ಕುಲಾವಿ ಎಂದರು, ಕುಲಾವಿ ತಂದ. ಹಾಲು ಕುಡಿಸಲು ಒಳಲೆ ಬಂತು, ಸೊಂಟಕ್ಕೆ ಉಡಿದಾರ ಬಂತು, ಕಾಲಿಗೆ ಗೆಜ್ಜೆ ಬಂತು. ಒಂದು ಗಿಲಕಿ ತಂದವನು ಅದು ಕೇಳಿಸುತ್ತದೋ ಇಲ್ಲವೋ ಎಂದು ಕತ್ತೆಯ ಕಿವಿಯ ಬಳಿ ಆಡಿಸಿ ನೋಡಿದ. ಹೆಂಡತಿ ನಕ್ಕಳು.

ದಿನ ತುಂಬಿ ಮಗು ಹುಟ್ಟಿತು. ಅಳಲಿಲ್ಲ.

ಊರೆಲ್ಲ ಬಂದಿತು. ಹೆಂಗಸರು ಅವಳ ಸುತ್ತ ಕುಳಿತು ಅತ್ತರು. ಅವರು ಎದ್ದುಹೋದ ಮೇಲೆ ತೊಟ್ಟಿಲು ಉಳಿಯಿತು. ಹದಿನೈದು ದಿನ ಅವಳು ಅದಕ್ಕೆ ಬೆನ್ನು ಮಾಡಿ ಮಲಗಿದಳು. ಹದಿನಾರನೆಯ ದಿನ ಸುಣ್ಣಗಾರ ತೊಟ್ಟಿಲನ್ನೂ ಉಳಿದದ್ದನ್ನೂ ಕತ್ತೆಯ ಮೇಲೆ ಹೇರಿಕೊಂಡು ತನ್ನ ಗುರುತಿಲ್ಲದ ಊರೊಂದಕ್ಕೆ ಹೋಗಿ ಯಾರಿಗೋ ಕೊಟ್ಟು ಬಂದ. ಯಾರಿಗೆ ಕೊಟ್ಟಿರಿ ಎಂದು ಅವಳು ಕೇಳಲಿಲ್ಲ.

ಎರಡನೆಯ ಸಲ ಅವರು ಯಾರಿಗೂ ಹೇಳಲಿಲ್ಲ. ಏನೂ ಕೊಳ್ಳಲೂ ಇಲ್ಲ. ನಾಲ್ಕನೆಯ ತಿಂಗಳಲ್ಲಿ ಅದೂ ಹೋಯಿತು. ಮೂರು ದಿನ ಮಲಗಿದ್ದಳು. ನಾಲ್ಕನೆಯ ದಿನ ಎದ್ದು ಭಟ್ಟಿಗೆ ಸೌದೆ ಹೊತ್ತಳು. ಊರಿಗೆ ತಿಳಿಯಲೇ ಇಲ್ಲ.

ಮೂರನೆಯ ಸಲ ಅವಳು ಅವನನ್ನು ಎದುರಿಗೆ ಕೂರಿಸಿಕೊಂಡಳು.

"ನನಗೊಂದು ಮಾತು ಕೊಡಿ. ಅದು ಅತ್ತದ್ದು ನನ್ನ ಕಿವಿಗೆ ಬೀಳುವ ತನಕ ಅದರ ಹೆಸರಿನಲ್ಲಿ ಈ ಮನೆಗೆ ಒಂದು ನೂಲೆಳೆಯೂ ಬರಬಾರದು. ಯಾರಿಗೂ ತಿಳಿಯಬಾರದು."

ಸುಣ್ಣಗಾರ ಮಾತು ಕೊಟ್ಟ.

ಅವಳು ಊರೊಳಗೆ ಹೋಗುವುದನ್ನು ಬಿಟ್ಟಳು. ಕೆರೆಗೆ ಬೇರೆ ಹೆಂಗಸರು ಹೋಗುವ ಹೊತ್ತು ತಪ್ಪಿಸಿ, ಬಿಸಿಲು ನೆತ್ತಿಗೇರಿದಾಗ ಹೋಗಿ ನೀರು ತಂದಳು. ಸೆರಗನ್ನು ಅಗಲವಾಗಿ ಹೊದ್ದಳು. ಸುಣ್ಣಕ್ಕೆಂದು ಯಾರಾದರೂ ಹೊಲದ ಬದುವಿನ ಮೇಲೆ ಕಾಣಿಸಿದರೆ ಸುಣ್ಣಗಾರನೇ ಅಲ್ಲಿಯವರೆಗೆ ನಡೆದುಹೋಗಿ ಕೊಟ್ಟು ಕಳಿಸಿದ. ಹಾಗೆಯೇ ತಿಂಗಳುಗಳು ಕಳೆದವು.

ಅವರಿಬ್ಬರೂ ತಮ್ಮ ತಮ್ಮಲ್ಲೇ ಆ ಮಾತು ಎತ್ತುತ್ತಿರಲಿಲ್ಲ. ಅವಳು ಬೀಸುತ್ತಿರುವಾಗ ಒಮ್ಮೊಮ್ಮೆ ಕಲ್ಲು ತಟ್ಟನೆ ನಿಲ್ಲುತ್ತಿತ್ತು. ಒಳಗೆ ಅದು ಹೊರಳಿತೆಂದು ಸುಣ್ಣಗಾರನಿಗೆ ತಿಳಿಯುತ್ತಿತ್ತು. ತಿಳಿಯಿತೆಂದು ಅವಳಿಗೆ ತಿಳಿಯಬಾರದೆಂದು ಅವನು ಕತ್ತೆಯ ಕಡೆ ನೋಡುತ್ತಿದ್ದ. ಬೀಸುವ ಕಲ್ಲು ಮತ್ತೆ ತಿರುಗಿದ ಮೇಲೆ ತಾನೂ ಕೆಲಸಕ್ಕೆ ಏಳುತ್ತಿದ್ದ.

ಎಂಟು ತುಂಬುತ್ತ ಬಂತು. ಒಂದು ದಿನ ಅವನು ಕೆರೆಯಲ್ಲಿ ತನ್ನ ಧೋತರ ಒಗೆಯುತ್ತಿದ್ದ. ಹಿಂಡಿ ಕೊಡವಿದಾಗ ಅದು ತೊಗಲಿನಂತೆ ಬಡಬಡ ಸದ್ದು ಮಾಡಿತು. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಸುಣ್ಣ ತಿಂದ ತೂತುಗಳು. ಬೇರೆ ಮನೆಗಳಲ್ಲಿ ಹುಟ್ಟಿದ ಕೂಸನ್ನು ಉಟ್ಟು ಉಟ್ಟು ಮೆತ್ತಗಾದ ಹಳೆಯ ಧೋತರದಲ್ಲಿ ಎತ್ತಿಕೊಳ್ಳುತ್ತಾರೆ. ತನ್ನ ಮನೆಯಲ್ಲಿ ಅಂಥ ಬಟ್ಟೆ ಯಾವುದಿದೆ ಎಂದು ಯೋಚಿಸಿದ. ಮನೆಗೆ ಬಂದು, ಹೆಂಡತಿ ನೀರಿಗೆ ಹೋದಾಗ, ಗಂಟು ಬಿಚ್ಚಿ ಒಂದೊಂದೇ ಅರಿವೆ ತೆಗೆದು ಮೊಣಕೈಯ ಒಳಭಾಗಕ್ಕೆ ಉಜ್ಜಿ ನೋಡಿದ. ಅವನವು ಗೀರಿದವು. ಅವಳ ಸೀರೆಗಳೂ ಗೀರಿದವು. ಎಷ್ಟು ಒಗೆದರೂ ಸುಣ್ಣದ ಒರಟು ಬಿಟ್ಟಿರಲಿಲ್ಲ.

ಕೂಸಿನ ಮೈಗೆ ಮೊದಲು ತಾಗುವುದು ಇದು ಆಗಬಾರದು ಎಂದುಕೊಂಡ. ಆದರೆ ಮಾತು ಕೊಟ್ಟಿದ್ದ.

ಸಂತೆಯ ದಿನ ಸುಣ್ಣ ಮಾರಿದ ಮೇಲೆ ಅವನ ಕಾಲುಗಳು ಅವನನ್ನು ಬಟ್ಟೆಯ ಅಂಗಡಿಗೆ ಕರೆದುಕೊಂಡು ಹೋದವು. ವ್ಯಾಪಾರಿ ಏನು ಬೇಕೆಂದು ಕೇಳಿದ. ಮೆತ್ತಗಿನ ಬಟ್ಟೆ ಎಂದ ಸುಣ್ಣಗಾರ. ಯಾರಿಗೆ ಎಂದು ವ್ಯಾಪಾರಿ ಕೇಳಿದ. ಅದು ವ್ಯಾಪಾರಿಗಳು ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ಸುಣ್ಣ ಸೋಸುವುದಕ್ಕೆ ಎಂದುಬಿಟ್ಟ ಸುಣ್ಣಗಾರ. ವ್ಯಾಪಾರಿ ಒಂದು ಒರಟು ಜಾಳು ಬಟ್ಟೆ ಹರಿದುಕೊಟ್ಟ. ಸುಣ್ಣಗಾರ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದ. ಇದ್ದದ್ದು ಸಾಲದೇ ಎಂದು ಹೆಂಡತಿ ಕೇಳಿದಳು. ಹೂಂ, ಇನ್ನೊಂದಿರಲಿ ಎಂದ.

ಮುಂದಿನ ಸಂತೆಯಲ್ಲಿ ಅವನು ಬೇರೆ ಅಂಗಡಿಗೆ ಹೋದ. ಕೇಳುವ ಮೊದಲೇ ಬೆರಳು ತೋರಿಸಿ, ಅದು ಕೊಡಿ ಎಂದ. ತೆಳ್ಳನೆಯ ಬಿಳಿ ಹತ್ತಿಬಟ್ಟೆ, ಎರಡು ತುಂಡು. ಮುಟ್ಟಿದರೆ ಅವನ ಬೆರಳಿನ ಸಿಬಿರುಗಳಿಗೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೆ ವ್ಯಾಪಾರಿಯ ಕೈಯಿಂದಲೇ ಎಲೆಯಲ್ಲಿ ಸುತ್ತಿಸಿಕೊಂಡ.

ದಾರಿಯುದ್ದಕ್ಕೂ ಸಂತೋಷವಾಗಿಯೇ ಬಂದ. ಮನೆ ಕಂಡಾಗ ಕೊಟ್ಟ ಮಾತು ನೆನಪಾಯಿತು. ಒಳಗೆ ಒಯ್ಯಲಾರದೆ, ಸುಟ್ಟ ಸುಣ್ಣದ ಹರಳು ರಾಶಿ ಹಾಕಿದ್ದ ಗುಡಿಸಲಿಗೆ ಹೋಗಿ, ಮೂಲೆಯ ಬುಟ್ಟಿಯಲ್ಲಿ ಅದನ್ನು ಇಟ್ಟ. ಮನೆಯೊಳಗೆ ತರುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಗುಡಿಸಲು ಮನೆಯಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡ. ದಿನಕ್ಕೊಂದು ಸಲ ಹೋಗಿ ಎಲೆ ಸರಿಸಿ ನೋಡಿ ಬರುತ್ತಿದ್ದ. ಮುಟ್ಟುತ್ತಿರಲಿಲ್ಲ.

ಅಕಾಲದ ಮಳೆಯೊಂದು ಮಧ್ಯಾಹ್ನ ಬಂತು. ಅರ್ಧ ಗಳಿಗೆಯ ಮಳೆ. ಗುಡಿಸಲಿನ ಹುಲ್ಲು ಒಂದು ಕಡೆ ಜಾರಿತ್ತು. ಅಲ್ಲಿಂದ ಇಳಿದ ನೀರು ಸುಣ್ಣದ ಹರಳಿನ ಮೇಲೆ ಬಿತ್ತು. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಏನಾಗುತ್ತದೆಂದು ನಿನಗೆ ಗೊತ್ತು. ಅದು ಕುದಿಯಿತು, ಬಿರಿಯಿತು, ಅರಳಿ ಉಬ್ಬಿ ಬುಟ್ಟಿಯನ್ನು ಮುಚ್ಚಿತು. ಮಳೆ ನಿಂತ ಮೇಲೆ ಸುಣ್ಣಗಾರ ಓಡಿಹೋಗಿ ಸಲಿಕೆಯಿಂದ ಅಗೆದ. ಬುಟ್ಟಿ ಕಪ್ಪಾಗಿತ್ತು. ಬಟ್ಟೆಯನ್ನು ಎತ್ತಿದರೆ ನಡುವೆ ಕೈ ತೂರುವಷ್ಟು ತೂತು, ಸುತ್ತಲೂ ಸುಟ್ಟ ಅಂಚು.

ಅವನು ಅದನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತ. ತಲೆಯೆತ್ತಿದಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

ಅವಳು ಬೈಯುತ್ತಾಳೆ ಎಂದುಕೊಂಡ. ಇಲ್ಲವೆ ಶಕುನ ಕೆಟ್ಟಿತೆಂದು ಅಳುತ್ತಾಳೆ ಎಂದುಕೊಂಡ. ಅವಳು ಕಂಬ ಹಿಡಿದು ನಿಧಾನವಾಗಿ ಕುಳಿತಳು. ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ತೂತಿನ ಸುತ್ತ ಬೆರಳಾಡಿಸಿದಳು. ಎಷ್ಟು ದಿನದಿಂದ ಇಲ್ಲಿತ್ತು ಎಂದು ಕೇಳಿದಳು. ಹನ್ನೆರಡು ದಿನ ಎಂದ. ಚೆನ್ನಾಗಿದೆ, ಮೆತ್ತಗಿದೆ ಎಂದಳು. ಆಮೇಲೆ ನೆಲ ನೋಡುತ್ತ ಮಾತಾಡಿದಳು.

"ಮೊದಲನೆಯ ಸಲ ಊರೆಲ್ಲ ಬಂತು. ಅವರ ಮುಖ ನೋಡಲಾರದೆ ಹೋದೆ. ಅದಕ್ಕೇ ಎರಡನೆಯ ಸಲ ಮುಚ್ಚಿಟ್ಟೆ. ಮೂರು ದಿನ ಗೋಡೆ ನೋಡುತ್ತ ಮಲಗಿದ್ದೆ. ಯಾರೂ ಬರಲಿಲ್ಲ. ಅವರಿಗೆ ಗೊತ್ತಿದ್ದರೆ ತಾನೆ ಬರುವುದು? ಮೊದಲನೆಯದನ್ನು ಅವರ ಜೊತೆ ಅತ್ತು ಹೇಗೋ ಇಳಿಸಿದೆ. ಎರಡನೆಯದನ್ನು ಇನ್ನೂ ಹೊತ್ತುಕೊಂಡೇ ಇದ್ದೇನೆ."

"ನಾನಿದ್ದೆನಲ್ಲ," ಎಂದ ಸುಣ್ಣಗಾರ.

"ನೀವೂ ಇನ್ನೊಂದು ಗೋಡೆ ನೋಡುತ್ತ ಕುಳಿತಿದ್ದಿರಿ."

ಅದು ನಿಜವಾಗಿತ್ತು. ಅವಳು ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಇನ್ನು ಸಂತೆಗೆ ಹೋಗಬೇಡಿ. ಊರೊಳಗೆ ಹೋಗಿ. ಮಕ್ಕಳು ಬೆಳೆದ ಮನೆಯಲ್ಲಿ ಹಳೆಯ ಬಟ್ಟೆ ಇದ್ದರೆ ಕೇಳಿ ತನ್ನಿ."

"ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ."

"ತಿಳಿಯಲಿ," ಎಂದಳು. ಹೇಳಿದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಸುಣ್ಣಗಾರ ಊರೊಳಗೆ ಹೋದ. ಕತ್ತೆ ಇಲ್ಲದೆ, ಸುಣ್ಣದ ಹೊರೆ ಇಲ್ಲದೆ ಆ ಬೀದಿಯಲ್ಲಿ ಅವನು ನಡೆದದ್ದೇ ಇಲ್ಲ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಎರಡು ಮನೆ ದಾಟಿಬಿಟ್ಟ. ಮೂರನೆಯದು ಕಂಬಾರರ ಮನೆ. ಆ ಮನೆಯ ಹೊನ್ನವ್ವ ಆರು ಮಕ್ಕಳನ್ನು ಹೆತ್ತು ಆರನ್ನೂ ಬೆಳೆಸಿದವಳು. ದೊಡ್ಡ ಬಾಯಿಯ ಹೆಂಗಸು. ಅವನನ್ನು ನೋಡಿದ್ದೇ ಒಳಗೆ ಹೋಗಿ ಸುಣ್ಣದ ಗಡಿಗೆ ತಂದು ಮುಂದಿಟ್ಟಳು.

ಸುಣ್ಣ ಅಲ್ಲ ಎಂದು ಅವನು ತಲೆಯಾಡಿಸಿದ. ಮತ್ತೇನು ಎಂದು ಅವಳು ಕೇಳಿದಳು. ತೊಟ್ಟಿಲಿನಿಂದ ಗಿಲಕಿಯವರೆಗೆ ಎಲ್ಲವನ್ನೂ ಕೊಂಡಿದ್ದ ಆ ವರ್ಷ ಇದೇ ಬೀದಿಯಲ್ಲಿ ಕೂಗಿ ಕೂಗಿ ಸುದ್ದಿ ಹೇಳಿದ್ದ. ಈಗ ಒಂದು ಹಳೆಯ ಅರಿವೆ ಕೇಳಲು ಬಾಯಿ ಬರಲಿಲ್ಲ. ಹೊನ್ನವ್ವ ಕಾದಳು. ಎಂದೂ ಸುಮ್ಮನಿರದವಳು ಅಂದು ಸುಮ್ಮನಿದ್ದಳು.

"ಅವ್ವಾ, ಕೂಸನ್ನು ಸುತ್ತುವುದಕ್ಕೆ ಹಳೆಯ ಬಟ್ಟೆ ಇದ್ದರೆ ಕೊಡಿ. ನಮ್ಮ ಮನೆಯ ಬಟ್ಟೆಯೆಲ್ಲ ಸುಣ್ಣದ್ದು."

ಅವಳು ಅವನ ಮುಖವನ್ನೇ ನೋಡಿದಳು. ಎಷ್ಟನೆಯ ತಿಂಗಳು ಎಂದು ಕೇಳಿದಳು. ಎಂಟು ತುಂಬಿತು ಎಂದ. ಎಂಟು ತುಂಬುವ ತನಕ ಆ ಹುಡುಗಿಯನ್ನು ಒಬ್ಬಳನ್ನೇ ಇಟ್ಟುಕೊಂಡು ಏನು ಮಾಡುತ್ತಿದ್ದೆ ಎಂದು ಅವಳು ಬೈಯತೊಡಗಿದಳು. ಬೈಯುತ್ತಲೇ ಒಳಗೆ ಹೋದಳು, ಬೈಯುತ್ತಲೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಆಮೇಲೆ ಒಳಗಿನ ಸದ್ದು ನಿಂತಿತು. ಹೊರಗೆ ಬಂದಾಗ ಅವಳ ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿ ಒಂದು ಹಳೆಯ ಸೀರೆಯ ತುಂಡಿತ್ತು. ಆರು ಮಕ್ಕಳು ಅದರ ಮೇಲೆ ಮಲಗಿ ಅದರ ಬಣ್ಣ ಯಾವುದೆಂದೇ ತಿಳಿಯದಂತಾಗಿತ್ತು. ಅದನ್ನು ಅವನ ಕೈಗೆ ಕೊಡಲಿಲ್ಲ. ತನ್ನ ಕಂಕುಳಲ್ಲಿ ಇಟ್ಟುಕೊಂಡು, ನಡೆ, ನಾನೇ ಬರುತ್ತೇನೆ ಎಂದಳು.

ಸುಣ್ಣಗಾರ ಉಳಿದ ಬಾಗಿಲುಗಳನ್ನು ತಟ್ಟಬೇಕಾಗಲಿಲ್ಲ. ಹೊನ್ನವ್ವ ನಡೆಯುತ್ತ ಹೋದಂತೆ ಎಡಕ್ಕೂ ಬಲಕ್ಕೂ ಕೂಗಿ ಹೇಳಿದಳು. ಅವರು ಹೊಲ ದಾಟುವ ಹೊತ್ತಿಗೆ ಹಿಂದೆ ಇಬ್ಬರು ಹೆಂಗಸರಿದ್ದರು. ಸಂಜೆಯೊಳಗೆ ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಕೂಸು ಸರಿಯಾಗಿ ಕೂತಿದೆ, ಇನ್ನು ಬಿಸಿಲಿನಲ್ಲಿ ನೀರು ಹೊರುವುದು ಬೇಡ ಎಂದಳು. ಸುಣ್ಣಗಾರನ ಹೆಂಡತಿ ಒಳಗೆ ಕುಳಿತಿದ್ದಳು. ಮೊದಮೊದಲು ತಲೆ ಎತ್ತಲಿಲ್ಲ. ಆಮೇಲೆ ಯಾರೋ ಅವಳ ಜಡೆ ಬಿಚ್ಚಿ ಎಣ್ಣೆ ಹಚ್ಚತೊಡಗಿದರು. ಆಗ ಅವಳು ಎರಡನೆಯ ಮಗುವಿನ ಸಂಗತಿ ಹೇಳಿದಳು. ಎರಡು ವರ್ಷ ತಡವಾಗಿ ಆ ಹೆಂಗಸರು ಅದಕ್ಕಾಗಿ ಅತ್ತರು. ಹೊರಗೆ ಸುಣ್ಣಗಾರನೂ ಕತ್ತೆಯ ಬೆನ್ನಿಗೆ ಹಣೆ ಹಚ್ಚಿ ಅತ್ತ.

ಮರುದಿನದಿಂದ ಅವನು ಭಟ್ಟಿಗೆ ಬೆಂಕಿ ಹಾಕಲಿಲ್ಲ. ಧೂಳು ಏಳಬಾರದೆಂದು ಅಂಗಳಕ್ಕೆ ದಿನಕ್ಕೆರಡು ಸಲ ನೀರು ಚಿಮುಕಿಸಿದ. ಊರವರು ಬಂದು ಕೂರುವ ಅಂಗಳವಲ್ಲ ಅದು. ಮೊದಲ ಮಗು ಹೋದ ದಿನ ಬಿಟ್ಟರೆ ಅವನ ಅಜ್ಜನ ಕಾಲದಿಂದ ಯಾರೂ ಅಲ್ಲಿ ಕೂತದ್ದಿಲ್ಲ. ಈಗ ಹೊತ್ತು ಇಳಿಯುತ್ತಲೇ ಹೆಂಗಸರು ಬಂದು ಕೂತರು. ಒಂದೊಂದು ಮನೆಯಿಂದ ಒಂದೊಂದು ತುಂಡು ಬಂತು. ಒಬ್ಬಳ ಸೀರೆಯ ಒಡಲು, ಒಬ್ಬಳ ಮಾವನ ರುಮಾಲು, ಒಬ್ಬಳ ಮದುವೆಯ ಕುಪ್ಪಸದ ತೋಳು. ಹನ್ನೊಂದು ಮನೆಯ ಬಟ್ಟೆ. ಅವನ್ನು ಜೋಡಿಸಿ, ನಡುವೆ ಹಳೆಯ ಸೀರೆಯ ಪದರ ಇಟ್ಟು, ಚಿಕ್ಕದೊಂದು ಕೌದಿ ಹೊಲಿದರು. ಹೊಲಿಯುತ್ತ ಜಗಳವಾಡಿದರು, ನಕ್ಕರು, ತಮ್ಮ ತಮ್ಮ ಬಾಣಂತನದ ಕತೆ ಹೇಳಿದರು. ಅವರಲ್ಲಿ ಮೂವರು ತಾವೂ ಕಳೆದುಕೊಂಡವರೆಂದು ಸುಣ್ಣಗಾರನ ಹೆಂಡತಿಗೆ ಆಗ ತಿಳಿಯಿತು. ಅವರಲ್ಲೊಬ್ಬಳು ಆ ಮಾತನ್ನು ಯಾರೆದುರೂ ಆಡಿರಲಿಲ್ಲ. ಅವಳ ಅತ್ತೆಗೂ ಗೊತ್ತಿರಲಿಲ್ಲ.

ಕೌದಿಯ ಒಂದು ಅಂಚು ಇನ್ನೂ ಉಳಿದಿರುವಾಗ ಸುಣ್ಣಗಾರನ ಹೆಂಡತಿಗೆ ನೋವು ಬಂತು. ಬೆಳಗಿನಿಂದ ಬಿಸಿಲೇರುವ ತನಕ ನೋವು ತಿಂದಳು. ಒಳಗೆ ಸೂಲಗಿತ್ತಿ ಮತ್ತು ಹೊನ್ನವ್ವ, ಹೊರಗೆ ಉಳಿದವರು. ಸುಣ್ಣಗಾರ ಅಂಗಳದ ತುದಿಯಲ್ಲಿ ನಿಂತಿದ್ದ. ಒಮ್ಮೆಗೇ ಒಳಗಿನ ನರಳಾಟ ನಿಂತಿತು. ಬೇರೆ ಯಾವ ದನಿಯೂ ಬರಲಿಲ್ಲ. ಅಂಚು ಹೊಲಿಯುತ್ತಿದ್ದವಳ ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ಹಾಗೇ ನಿಂತಿತು. ಸುಣ್ಣಗಾರನಿಗೆ ಆ ಮೌನ ಗೊತ್ತಿತ್ತು. ಆದರೆ ಈ ಸಲ ಅದನ್ನು ಅವನೊಬ್ಬನೇ ಕೇಳುತ್ತಿರಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

ಮಗು ಅತ್ತಿತು.

ಮೊದಲ ಅಳುವನ್ನು ಅವನು ನಂಬಲಿಲ್ಲ. ಎರಡನೆಯ ಸಲ ಅತ್ತಾಗ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟ.

ಹೊನ್ನವ್ವ ಕೂಸನ್ನು ಹೊರಗೆ ತಂದು, ಅಂಚು ಮುಗಿಯದ ಕೌದಿಯಲ್ಲೇ ಸುತ್ತಿದಳು. ಹೆಣ್ಣು. ಸುಣ್ಣಗಾರ ತನ್ನ ಕೈ ನೋಡಿಕೊಂಡು ಹಿಂದಕ್ಕೆ ಸರಿದ. ಈ ಕೈಯಿಂದ ಮುಟ್ಟಿದರೆ ಗೀರುತ್ತದೆ ಎಂದ. ಬಟ್ಟೆ ಇದೆಯಲ್ಲ, ಹಿಡಿ ಎಂದು ಅವಳು ಕೊಟ್ಟೇಬಿಟ್ಟಳು. ಅವನು ಹಿಡಿದ. ಅವನ ಕೈಗೂ ಮಗುವಿನ ಮೈಗೂ ನಡುವೆ ಹನ್ನೊಂದು ಮನೆಯ ಬಟ್ಟೆ ಇತ್ತು.

ಗುರುಗಳು ಕತೆ ನಿಲ್ಲಿಸಿ, ಬಾವಿಕಟ್ಟೆಯ ಮೇಲಿನ ಬೂದಿಯನ್ನು ನೀರು ಹಾಕಿ ತೊಳೆದರು.

ದುಂಡಪ್ಪ ತಲೆ ತಗ್ಗಿಸಿಕೊಂಡು ಕುಳಿತಿದ್ದ. ಮೆಲ್ಲಗೆ ಕೇಳಿದ:

"ಗುರುಗಳೇ, ಆ ಮಗು ಅಳದೆಯೇ ಹೋಗಿದ್ದರೆ?"

ಗುರುಗಳು ಅವನ ಕಡೆ ತಿರುಗಿದರು.

"ಆಗಲೂ ಆ ಮುದುಕಿ ಅವನ ಮಣಿಕಟ್ಟು ಬಿಡುತ್ತಿರಲಿಲ್ಲ. ನಿನ್ನ ಮನೆಯ ಸುದ್ದಿಯನ್ನು ನನಗಲ್ಲದೆ ಇನ್ನು ಯಾರಿಗೆ ಹೇಳಿದ್ದೀಯಪ್ಪ?"

ಯಾರಿಗೂ ಇಲ್ಲವೆಂದು ದುಂಡಪ್ಪ ತಲೆಯಾಡಿಸಿದ; ಎದ್ದು, ಪೇಟೆಯ ಕಡೆ ಹೋಗದೆ ಮನೆಯ ದಾರಿ ಹಿಡಿದ.